ಚಿಗರಿ ಹತ್ತಿ ವಿಮಾನ ಹಿಡಿಯಬಹುದೇ?

ಪ್ರಶ್ನೆ: ಧಾರವಾಡದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲೇ ಹೋಗಬೇಕು. ಚಿಗರಿ (ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಬಿಆರ್‌ಟಿಎಸ್ ಬಸ್) ಅಲ್ಲಿತನಕ ಹೋಗತೈತೇನ್ರಿ?

ಉತ್ತರ: ಇಲ್ರಿ. ಚಿಗರಿ ಹೋಗೋದು ಹುಬ್ಬಳ್ಳಿ ರೈಲು ನಿಲ್ದಾಣದ ಕಡೆ. ವಿಮಾನ ನಿಲ್ದಾಣ ಇರೋದು ಗೋಕುಲ ರಸ್ತೆಯಲ್ಲಿ. ಕೊನೆಯ ತನಕ ಕೂತರೆ ಊರೊಳಗಿನ ಟ್ರಾಫಿಕ್ಕಿನಲ್ಲಿ ಮತ್ತೆ ಹಿಂದಕ್ಕೆ ಬರಬೇಕು. ಅದಕ್ಕೂ ಮೊದಲು ಬರೋ ಹೊಸೂರು ನಿಲ್ದಾಣದಲ್ಲಿ ಇಳಿದು ಗೋಕುಲ ರಸ್ತೆಯ ಸಿಟಿ ಬಸ್ ಹಿಡಿಯಿರಿ. ಚಿಗರಿಯ ಟಿಕೆಟ್ ಬಸ್ಸಿನೊಳಗೆ ಸಿಗದು, ನಿಲ್ದಾಣದ ಕೌಂಟರಿನಲ್ಲೇ ತಗೋಬೇಕು. ಚಿಗರಿಯ ಎಕ್ಸ್‌ಪ್ರೆಸ್ ಬಸ್ ಎಲ್ಲ ಕಡೆ ನಿಲ್ಲೋದಿಲ್ಲ, ಹೊಸೂರಿನಲ್ಲಿ ನಿಲ್ಲುತ್ತದೆಯೇ ಅಂತ ಕೇಳಿಯೇ ಹತ್ತಿ. ಸಿಟಿ ಬಸ್ಸಿನ ಕಂಡಕ್ಟರಿಗೆ ‘ಏರ್‌ಪೋರ್ಟ್’ ಅಂತ ಮೊದಲೇ ಹೇಳಿಡಿ. ಮುಖ್ಯ ರಸ್ತೆಯಿಂದ ಟರ್ಮಿನಲ್ ಒಳಗಿದೆ, ನಡೆಯಬೇಕು; ಭಾರದ ಸೂಟ್‌ಕೇಸ್ ಇದ್ದರೆ ಹೊಸೂರಿನಿಂದಲೇ ಆಟೋ ಮೇಲು, ಆದರೆ ಬಾಡಿಗೆ ಮಾತಾಡಿಕೊಂಡೇ ಹತ್ತಿ. ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಧಾರವಾಡ ಬಿಡೋದು ವಿಮಾನದ ವೇಳೆಗಿಂತ ಮೂರು ತಾಸು ಮುಂಚೆ ಇರಲಿ.