ಕಾರವಾರದ ಒಂದೇ ತಾರಸಿಗೆ ಮೂರು ರೇಟು: 38 ಸಾವಿರ, ಎರಡೂವರೆ ಲಕ್ಷ, ಆರು ಲಕ್ಷ

ನಿಮ್ಮ ಪ್ರಶ್ನೆ ಇಷ್ಟು: ಕಾರವಾರದಲ್ಲಿ ಅಪ್ಪ 1996ರಲ್ಲಿ ಕಟ್ಟಿಸಿದ ಮನೆ. ಸಾವಿರ ಚದರ ಅಡಿಯ ಆರ್‌ಸಿಸಿ ತಾರಸಿ. ಮಳೆಗಾಲ ಬಂದರೆ ಹಾಲ್‌ನಲ್ಲಿ, ಅಡುಗೆಮನೆಯಲ್ಲಿ ಸೋರುತ್ತದೆ. ಒಬ್ಬರು ಕೆಮಿಕಲ್ ಹಚ್ಚಿದರೆ ಸಾಕು, 38 ಸಾವಿರ ಅಂದರು. ಇನ್ನೊಬ್ಬರು ಮೇಲೆ ಶೀಟು ಹಾಕಿಸಿ, ಎರಡೂವರೆ ಲಕ್ಷ ಅಂದರು. ಮೂರನೆಯವರು ಸ್ಲ್ಯಾಬ್ ಒಡೆದು ಹೊಸದು ಹಾಕಬೇಕು, ಆರು ಲಕ್ಷ ಅಂದರು. ಇವರಲ್ಲಿ ಯಾರು ನಮಗೆ ಟೋಪಿ ಹಾಕುತ್ತಿದ್ದಾರೆ ಅಂತ ಕೇಳಿದ್ದೀರಿ.

ಬಹುಶಃ ಯಾರೂ ಅಲ್ಲ. ಮೂವರೂ ಬೇರೆ ಬೇರೆ ಕೆಲಸದ ರೇಟು ಹೇಳಿದ್ದಾರೆ, ಅಷ್ಟೇ. ನೀರು ತಡೆಯುವುದು ಒಂದು ಕೆಲಸ. ಸ್ಲ್ಯಾಬ್ ಒಳಗಿನ ಕಬ್ಬಿಣ ಉಳಿಸುವುದು ಇನ್ನೊಂದು ಕೆಲಸ. ನಿಮಗೆ ಯಾವುದು ಬೇಕು ಅಂತ ಗೊತ್ತಾಗದೆ ರೇಟು ಹೋಲಿಸಿ ಪ್ರಯೋಜನ ಇಲ್ಲ. ನಾನು ಇಂಜಿನಿಯರ್ ಅಲ್ಲ. ಕುಮಟಾದ ನಮ್ಮ ಮನೆಗೆ ಎರಡು ಸಲ ದುಡ್ಡು ಸುರಿದು, ಮೂರನೇ ಸಲಕ್ಕೆ ಬುದ್ಧಿ ಬಂದವನು.

ಮೊದಲು ನಮ್ಮ ಕಥೆ ಹೇಳಿಬಿಡ್ತೇನೆ. 850 ಚದರ ಅಡಿ ತಾರಸಿ, ಚಿರೆಕಲ್ಲಿನ ಗೋಡೆ. 2017ರಲ್ಲಿ ಸೋರಲು ಶುರುವಾಯಿತು. ಮೇ ಕೊನೆಯ ವಾರ ಗಡಿಬಿಡಿಯಲ್ಲಿ ಬಿಳಿ ಕೋಟಿಂಗ್ ಮಾಡಿಸಿದೆವು, 24 ಸಾವಿರ. ಅದರ ಹಿಂದಿನ ಎರಡು ದಿನ ಮಳೆ ಬಂದಿತ್ತು. ಮೇಲೆ ಒಣಗಿದ ಹಾಗೆ ಕಂಡರೂ ಸ್ಲ್ಯಾಬ್ ಒಳಗೆ ಪಸೆ ಇತ್ತು. ಬಿಸಿಲಿಗೆ ಆ ಪಸೆ ಆವಿಯಾಗಿ ಮೇಲೆ ಬರಲು ನೋಡಿತು, ಕೋಟಿಂಗ್ ಬಿಡಲಿಲ್ಲ. ಚೌತಿ ಹಬ್ಬದ ಹೊತ್ತಿಗೆ ಹಪ್ಪಳದ ಹಾಗೆ ಗುಳ್ಳೆ ಎದ್ದು, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಕಿತ್ತು ಬಂತು.

2019ರಲ್ಲಿ ಮೇಸ್ತ್ರಿಯೊಬ್ಬರು ಬ್ರಿಕ್‌ಬ್ಯಾಟ್ ಕೋಬಾ ಮಾಡಿಸಿ ಅಂದರು. ಇಟ್ಟಿಗೆ ಚೂರು ಹಾಸಿ, ಇಳಿಜಾರು ಕೊಟ್ಟು, ಸಿಮೆಂಟ್ ಸುರಿದು ಮೇಲ್ಮೈ ನಯ ಮಾಡುವುದು. ಹಳೆಯ ಪದ್ಧತಿ, ಒಳ್ಳೆಯದೇ. 85 ಸಾವಿರ ಆಯಿತು. ಎರಡು ಮಳೆಗಾಲ ಹನಿ ಬೀಳಲಿಲ್ಲ. ಅಪ್ಪ ಖುಷಿಯಾಗಿ ನೆಂಟರಿಗೆಲ್ಲ ಅದೇ ಮಾಡಿಸಿ ಅಂತ ಹೇಳಿದ್ದೇ ಹೇಳಿದ್ದು. 2021ರ ಡಿಸೆಂಬರಿನಲ್ಲಿ, ಮಳೆಯೇ ಇಲ್ಲದ ದಿನ, ಅಡುಗೆಮನೆಯ ಛಾವಣಿಯಿಂದ ಊಟದ ತಟ್ಟೆಯಷ್ಟು ಅಗಲದ ಸಿಮೆಂಟ್ ಚಕ್ಕೆ ಕಳಚಿ ಬಿತ್ತು. ಅಮ್ಮ ಆಗಷ್ಟೇ ಒಲೆಯ ಮುಂದಿನಿಂದ ಎದ್ದು ಹೋಗಿದ್ದರು. ಮೇಲೆ ನೋಡಿದರೆ ಸರಳು ತುಕ್ಕು ಹಿಡಿದು ಪದರ ಪದರವಾಗಿ ನಿಂತಿತ್ತು.

ಆಮೇಲೆ ಬಂದ ಇಂಜಿನಿಯರ್ ಲೆಕ್ಕ ಹಾಕಿ ತೋರಿಸಿದರು. ನಾಲ್ಕು ಇಂಚಿನ ಕೋಬಾ ಅಂದರೆ ಒಂದು ಚದರ ಮೀಟರಿಗೆ ಸುಮಾರು 200 ಕೆಜಿ. ನಮ್ಮ ತಾರಸಿಗೆ 15 ಟನ್ ದಾಟುತ್ತದೆ. ಜನ ಓಡಾಡುವ ತಾರಸಿಯ ಮೇಲೆ ಜನ, ಸಾಮಾನಿನ ಭಾರ ಅಂತ ಡಿಸೈನಿನಲ್ಲಿ ಹಿಡಿಯುವುದು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ. ಕೋಬಾ ಬರುತ್ತದೆ ಅಂತ ಮೊದಲೇ ಲೆಕ್ಕ ಹಿಡಿದು ಕಟ್ಟಿದ ಸ್ಲ್ಯಾಬ್ ಆದರೆ ತೊಂದರೆ ಇಲ್ಲ. ನಾವು ತುಕ್ಕು ಹಿಡಿದ ಮುದಿ ಸ್ಲ್ಯಾಬಿನ ತಲೆಯ ಮೇಲೆ 15 ಟನ್ ಹೇರಿ, ಸೋರುವುದು ನಿಂತಿತಲ್ಲ ಅಂತ ಕೆಳಗೆ ಮಲಗಿದ್ದೆವು! ನಿಮ್ಮದಕ್ಕೆ ಅದೇ ಲೆಕ್ಕ 18 ಟನ್ ದಾಟುತ್ತದೆ. ಯಾರಾದರೂ ನಾಲ್ಕನೇ ರೇಟು ಅಂತ ಕೋಬಾ ಹೇಳಿದರೆ ಇದನ್ನು ನೆನಪಿಡಿ.

ಹಾಗಾಗಿ ಮೊದಲು ಸುತ್ತಿಗೆ ಹಿಡಿಯಿರಿ. ಸಣ್ಣ ಸುತ್ತಿಗೆಯಿಂದ ಛಾವಣಿಯ ಕೆಳಭಾಗವನ್ನು ಅಡಿ ಅಡಿಗೆ ತಟ್ಟುತ್ತಾ ಹೋಗಿ. ಕಣ್ಣಿಗೆ ಕನ್ನಡಕ ಇರಲಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡ ಜಾಗ ಡಬ್ ಡಬ್ ಅನ್ನುತ್ತದೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ. ಕೆಲವೊಮ್ಮೆ ಪ್ಲಾಸ್ಟರ್ ಮಾತ್ರ ಬಿಟ್ಟಿರುತ್ತದೆ, ಅದು ದೊಡ್ಡ ವಿಷಯ ಅಲ್ಲ. ಎರಡು ಮೂರು ಕಡೆ ಚಕ್ಕೆ ತೆಗೆಸಿ ಸರಳು ನೋಡಿದರೆ ಗೊತ್ತಾಗುತ್ತದೆ. ತುಕ್ಕು ಉಜ್ಜಿ ತೆಗೆದು ಸರಳಿನ ದಪ್ಪ ಅಳೆಯಿರಿ. 10 ಎಂಎಂ ಸರಳು 8 ಎಂಎಂಗೆ ಇಳಿದಿದ್ದರೆ ಎರಡೇ ಎಂಎಂ ಅಲ್ವಾ ಅನಿಸುತ್ತದೆ. ಆದರೆ ಭಾರ ಹೊರುವ ಕಬ್ಬಿಣದಲ್ಲಿ 36% ಹೋಯಿತು ಅಂತ ಅರ್ಥ.

ನಮ್ಮ ಕರಾವಳಿಯಲ್ಲಿ ಇದು ಇಷ್ಟು ಜಾಸ್ತಿ ಯಾಕೆ ಅಂದರೆ ಉಪ್ಪು. ಗಾಳಿಯಲ್ಲಿ ಉಪ್ಪಿದೆ. ನದಿ ಸಮುದ್ರ ಸೇರುವ ಕಡೆಯ ಮರಳನ್ನು ಸರಿಯಾಗಿ ತೊಳೆಯದೆ ಹಾಕಿದ್ದರೆ ಕಾಂಕ್ರೀಟಿನ ಒಳಗೇ ಉಪ್ಪು ಇರುತ್ತದೆ. ಆ ಉಪ್ಪು ಸರಳನ್ನು ತಲುಪಿದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು, ಹಾಗಾಗಿ ಅದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಸಮುದ್ರದ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿನಲ್ಲಿ ಸರಳಿನ ಹೊರಗೆ 45 ಎಂಎಂ ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟ್) ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ನಮ್ಮ ಅಡುಗೆಮನೆಯಲ್ಲಿ ಅಳೆದಾಗ ಸಿಕ್ಕಿದ್ದು 12 ಎಂಎಂ. ಇದೇ ಕಾರಣಕ್ಕೆ ಘಟ್ಟದ ಮೇಲಿನ ಶಿರಸಿ ಕಡೆಯವರು ಹೇಳುವ ಖರ್ಚಿನ ಲೆಕ್ಕ ನಿಮಗೆ ಸರಿ ಹೊಂದಲಿಕ್ಕಿಲ್ಲ. ಘಟ್ಟದ ಮೇಲೂ ಮಳೆ ಸಿಕ್ಕಾಪಟ್ಟೆ, ಪಾಚಿ ಜಾಸ್ತಿ, ಆದರೆ ಈ ಉಪ್ಪಿನ ಕಾಟ ಇಲ್ಲ.

ಸುತ್ತಿಗೆ ಆಯಿತು. ಇನ್ನು ನೀರು ಎಲ್ಲಿಂದ ಅಂತ ನೋಡಿ. ಮಾರ್ಚ್ ತಿಂಗಳಲ್ಲೂ ಪಸೆ ಇದ್ದರೆ ಅದು ಮಳೆ ನೀರಲ್ಲ. ಟ್ಯಾಂಕ್ ಅಥವಾ ಪೈಪು. ಪ್ಲಂಬರ್‌ಗೆ ಸಾವಿರ ಎರಡು ಸಾವಿರ ಕೊಟ್ಟು ಮುಗಿಯುವ ಕೆಲಸಕ್ಕೆ ಲಕ್ಷ ಖರ್ಚು ಮಾಡಿದವರನ್ನು ನೋಡಿದ್ದೇನೆ. ಮಳೆ ನೀರೇ ಆಗಿದ್ದರೆ ಹೆಚ್ಚಾಗಿ ಬರುವುದು ತಾರಸಿಯ ಸುತ್ತಲಿನ ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯಿಂದ, ನೀರು ಇಳಿಯುವ ಪೈಪಿನ ಬಾಯಿಯಿಂದ. ಇನ್ನೊಂದು ಜಾಗ ನಮ್ಮ ಕಡೆ ಮನೆ ಮನೆಗೂ ಇದೆ: ಮುಂದೆ ಮಹಡಿ ಕಟ್ಟುವ ಆಸೆಯಿಂದ ಕಂಬದ ಮೇಲೆ ಬಿಟ್ಟ ಸರಳುಗಳು. ಮಹಡಿ ಬರಲಿಲ್ಲ, ಮಕ್ಕಳು ಬೆಂಗಳೂರಿಗೆ ಹೋದರು, ಸರಳು ಇಪ್ಪತ್ತೈದು ವರ್ಷ ಮಳೆಯಲ್ಲಿ ನೆನೆದು ತುಕ್ಕನ್ನು ಕಂಬದ ಒಳಗೇ ಇಳಿಸುತ್ತಿದೆ. ನಿಮ್ಮಲ್ಲೂ ಇದ್ದರೆ, ಮಹಡಿ ಕಟ್ಟುವುದಿಲ್ಲ ಅಂತ ಖಚಿತವಾದರೆ, ಕತ್ತರಿಸಿ ಮುಚ್ಚಿಸಿಬಿಡಿ.

ಈಗ ನಿಮ್ಮ ಮೂರು ರೇಟು.

38 ಸಾವಿರ ಅಂದರೆ ಚದರ ಅಡಿಗೆ 38 ರೂಪಾಯಿ. 2022ರಲ್ಲಿ ನಮ್ಮ ಕೋಟಿಂಗಿಗೂ ಹೆಚ್ಚುಕಡಿಮೆ ಇದೇ ದರ ಬಿದ್ದಿತ್ತು. ಸುತ್ತಿಗೆಗೆ ಸ್ಲ್ಯಾಬ್ ಎಲ್ಲ ಕಡೆ ಟಣ್ ಅಂದರೆ ಇಷ್ಟೇ ಸಾಕು. ಆದರೆ ಪ್ಯಾರಾಪೆಟ್ ಮೇಲೆ ಒಂದಡಿ ಹತ್ತಿಸಿ ಹಚ್ಚುವುದು, ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡುವುದು, ಬಿರುಕು ಕೊರೆದು ತುಂಬುವುದು ಇದರಲ್ಲಿ ಸೇರಿದೆಯಾ ಕೇಳಿ. ಎಷ್ಟು ಬಕೆಟ್ ಹಾಕುತ್ತೀರಿ ಅಂತ ಮೊದಲೇ ಬರೆಸಿಕೊಂಡು, ಖಾಲಿ ಬಕೆಟ್ ನಮ್ಮಲ್ಲೇ ಬಿಟ್ಟು ಹೋಗಿ ಅನ್ನಿ. ಹತ್ತು ವರ್ಷ ವಾರಂಟಿ ಅನ್ನುವ ಮಾತಿಗಿಂತ ಆ ಬಕೆಟ್ ಎಣಿಸುವುದರ ಮೇಲೆ ನನಗೆ ನಂಬಿಕೆ ಜಾಸ್ತಿ. ನೀರು ಸೇರಿಸಿ ತೆಳು ಮಾಡುವುದು, ಎರಡು ಕೋಟ್ ಹೇಳಿ ಒಂದೂವರೆ ಹಚ್ಚುವುದು ಇಲ್ಲಿ ಮಾಮೂಲು.

ಎರಡೂವರೆ ಲಕ್ಷದ ಶೀಟು, ಅಂದರೆ ತಾರಸಿಯ ಮೇಲೆ ಪೈಪಿನ ಚೌಕಟ್ಟು ನಿಲ್ಲಿಸಿ ಹೊದಿಸುವ ತಗಡಿನ ಮಾಡು. ಇಲ್ಲಿ ಒಂದು ಲೆಕ್ಕ ಎಲ್ಲರಿಗೂ ತಪ್ಪುತ್ತದೆ. ರೇಟು ತಾರಸಿಯ ಅಳತೆಗಲ್ಲ, ಶೀಟಿನ ಅಳತೆಗೆ. ನಿಮ್ಮ ತಾರಸಿ 40ಕ್ಕೆ 25 ಅಡಿ ಅಂದುಕೊಳ್ಳಿ. ಸುತ್ತ ಎರಡೆರಡು ಅಡಿ ಹೊರಗೆ ಚಾಚಿದರೆ 44ಕ್ಕೆ 29, ಅಂದರೆ 1276 ಚದರ ಅಡಿ. ಆಗ ಎರಡೂವರೆ ಲಕ್ಷ ಅಂದರೆ ಅಡಿಗೆ 196 ರೂಪಾಯಿ ಬೀಳುತ್ತದೆ. ಆ ದರಕ್ಕೆ ಶೀಟಿನ ದಪ್ಪ ಎಷ್ಟು, ಪೈಪು ಯಾವುದು ಅಂತ ಕೇಳಲೇಬೇಕು. ಬರಿ ಎಂಎಸ್ (ಸಾದಾ ಉಕ್ಕಿನ) ಪೈಪಾದರೆ ಉಪ್ಪುಗಾಳಿಗೆ ಬೇಗ ತಿಂದುಹೋಗುತ್ತದೆ, ಎರಡು ವರ್ಷಕ್ಕೊಮ್ಮೆ ಪೇಂಟ್ ಹೊಡೆಸುತ್ತಿರಬೇಕು. ಜಿಐ (ಸತುವಿನ ಲೇಪ ಇರುವ) ಪೈಪಿಗೆ ದುಡ್ಡು ಜಾಸ್ತಿ, ಆದರೆ ಅದೇ ಹಾಕಿಸಿ. ಕಂಬಗಳನ್ನು ಸ್ಲ್ಯಾಬಿನ ನಡುವೆ ತೂತು ಕೊರೆದು ನಿಲ್ಲಿಸಿದರೆ ಪ್ರತಿ ತೂತೂ ಹೊಸ ಸೋರಿಕೆ. ಬೀಮಿನ ಸಾಲಿನ ಮೇಲೆ ಸಣ್ಣ ಕಾಂಕ್ರೀಟ್ ದಿಂಡು ಕಟ್ಟಿ ಅದರ ಮೇಲೆ ನಿಲ್ಲಿಸಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಹಿಂದಿನ ಮನೆಯ ಶೀಟು ಪೈಪಿನ ಸಮೇತ ತೆಂಗಿನ ತೋಟಕ್ಕೆ ಹೋಗಿ ಬಿದ್ದಿತ್ತು. ಬೋಲ್ಟ್‌ನಲ್ಲಿ ಉಳಿಸಿದ ನಾಲ್ಕು ಸಾವಿರ ಅದಕ್ಕೆ ಕಾರಣ.

ಆದರೂ ಶೀಟು ನನಗೆ ಇಷ್ಟ. ನಮ್ಮಲ್ಲಿ ವರ್ಷಕ್ಕೆ 3000 ಎಂಎಂ ಮಳೆ ಅಂತ ಕಡಿಮೆಯೇ ಹಿಡಿದರೂ, ನಿಮ್ಮ ತಾರಸಿಯ ಮೇಲೆ ಬೀಳುವುದು 2.8 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ 28. ಅಷ್ಟು ನೀರು ಸ್ಲ್ಯಾಬನ್ನು ಮುಟ್ಟದೇ ಇದ್ದರೆ ಒಳ್ಳೆಯದೇ ಅಲ್ವಾ. ಬಟ್ಟೆ ಒಣಗಿಸಲು, ಕೊಬ್ಬರಿ ಹರಡಲು ಜಾಗವೂ ಸಿಗುತ್ತದೆ. ಆದರೆ ಈಗಾಗಲೇ ಒಳಗೆ ಸೇರಿದ ಉಪ್ಪನ್ನು ಶೀಟು ಹೊರಗೆ ತೆಗೆಯುವುದಿಲ್ಲ. ಮಳೆಗಾಲದ ಹಸಿ ಗಾಳಿ ಸಾಕು, ತುಕ್ಕು ಮುಂದುವರಿಯಲು. ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಅದಕ್ಕೇ ಶೀಟಿನ ಕೊಟೇಶನ್ ಜೊತೆಗೆ ಕೆಳಗಿನ ರಿಪೇರಿಯ ಖರ್ಚೂ ಸೇರಬೇಕು: ಸಡಿಲ ಕಾಂಕ್ರೀಟ್ ಕೆಡವಿ, ಸರಳಿನ ಹಿಂಭಾಗವೂ ಸಿಗುವಷ್ಟು ಬಿಡಿಸಿ, ತುಕ್ಕು ತೆಗೆದು, ಸತುವಿನ ಪ್ರೈಮರ್ ಹಚ್ಚಿ, ಪಾಲಿಮರ್ ಸೇರಿಸಿದ ಗಾರೆ ತುಂಬುವುದು. ನಮಗೆ ಚದರ ಅಡಿಗೆ 280 ರೂಪಾಯಿ ಬಿತ್ತು. ಬರಿ ಪ್ಲಾಸ್ಟರ್ ಮೆತ್ತಿ ಹೋದರೆ ವರ್ಷದಲ್ಲಿ ಮತ್ತೆ ಬೀಳುತ್ತದೆ. ಸರಿಯಾಗಿ ಮಾಡಿದರೂ ತೇಪೆಯ ಪಕ್ಕದ ಜಾಗದಲ್ಲಿ ಕೆಲವು ವರ್ಷಕ್ಕೆ ತುಕ್ಕು ತಲೆ ಎತ್ತಬಹುದು. ನಮ್ಮಲ್ಲಿ ಒಂದು ಕಡೆ ಆಗಿದೆ.

ಆರು ಲಕ್ಷ ಕೇಳಿ ನೀವು ಗಾಬರಿಯಾಗಿದ್ದೀರಿ. ಸುಮ್ನೆ ಬಾಯಿಗೆ ಬಂದ ಅಂಕಿ ಅಲ್ಲ ಅದು. ಐದು ಇಂಚಿನ ಸಾವಿರ ಅಡಿ ಸ್ಲ್ಯಾಬ್ ಅಂದರೆ ಸುಮಾರು 12 ಘನ ಮೀಟರ್ ಕಾಂಕ್ರೀಟ್, 30 ಟನ್ ತೂಕ. ಗೋಡೆಗೆ ಪೆಟ್ಟಾಗದ ಹಾಗೆ ಅದನ್ನು ಒಡೆದು, ಟಿಪ್ಪರ್‌ಗೆ ತುಂಬಿ ಸಾಗಿಸಬೇಕು. ಆಮೇಲೆ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವ ತನಕ ಕೆಳಗೆ ಕೊಡುವ ಹಲಗೆ, ಆಧಾರ), ಒಂದು ಟನ್ ಆಚೀಚೆ ಕಬ್ಬಿಣ, ಹೊಸ ಕಾಂಕ್ರೀಟ್. ಸ್ಲ್ಯಾಬ್ ಒಳಗಿನ ವೈರಿಂಗ್ ಪೈಪು, ಫ್ಯಾನಿನ ಹುಕ್ಕು ಎಲ್ಲ ಹೊಸದು. ಎರಡು ಮೂರು ತಿಂಗಳು ಬಾಡಿಗೆ ಮನೆ. ಆ ಬಾಡಿಗೆಯನ್ನು ಯಾವ ಕೊಟೇಶನ್ನಿನಲ್ಲೂ ಬರೆಯುವುದಿಲ್ಲ. ಛಾವಣಿಯ ಅರ್ಧಕ್ಕಿಂತ ಜಾಸ್ತಿ ಭಾಗ ಡಬ್ ಅನ್ನುತ್ತಿದ್ದರೆ, ಅಥವಾ ಸ್ಲ್ಯಾಬ್ ನಡುವೆ ಜಗ್ಗಿದ್ದು ಕಣ್ಣಿಗೇ ಕಾಣುತ್ತಿದ್ದರೆ, ನಾನಾದರೆ ತೇಪೆಗೆ ದುಡ್ಡು ಹಾಕುವುದಿಲ್ಲ. ಆ ಕೋಣೆಯಲ್ಲಿ ಯಾರನ್ನೂ ಮಲಗಿಸುವುದೂ ಇಲ್ಲ. ಇಷ್ಟು ದೊಡ್ಡ ತೀರ್ಮಾನಕ್ಕೆ ಮೊದಲು, ಕೆಲಸ ಹಿಡಿಯುವ ಆಸೆ ಇಲ್ಲದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ತೋರಿಸಿ. ಕೆಲವೊಮ್ಮೆ ಅಡುಗೆಮನೆ, ಬಚ್ಚಲಿನ ಮೇಲಿನ ಭಾಗವನ್ನಷ್ಟೇ ತೆಗೆದು ಹಾಕಿದರೂ ಆಗುತ್ತದೆ.

ನಮ್ಮದು ಕೊನೆಗೆ ಏನಾಯಿತು ಅಂದರೆ, 2022ರಲ್ಲಿ ಕೋಬಾ ಕಿತ್ತು ಸಾಗಿಸಲು 22 ಸಾವಿರ, 120 ಚದರ ಅಡಿ ಕೆಳಗಿನ ರಿಪೇರಿಗೆ 33,600, ಮೇಲೆ ಕೋಟಿಂಗಿಗೆ 32 ಸಾವಿರ, ಶೀಟಿಗೆ 2.2 ಲಕ್ಷ. ಮೂರು ಲಕ್ಷ ದಾಟಿತು. ಹಿಂದೆ ಹಾಳು ಮಾಡಿಕೊಂಡ 1.09 ಲಕ್ಷ ಬೇರೆ. ಈಗಿನ ರೇಟು ಇದಕ್ಕಿಂತ ಜಾಸ್ತಿಯೇ ಇರುತ್ತದೆ.

ಮೇಸ್ತ್ರಿಯನ್ನು ದೀಪಾವಳಿ ಮುಗಿದ ಕೂಡಲೇ ಹಿಡಿಯಿರಿ. ಡಿಸೆಂಬರಿನಿಂದ ಮಾರ್ಚ್ ತನಕ ಸ್ಲ್ಯಾಬ್ ನಿಜವಾಗಿ ಒಣಗಿರುತ್ತದೆ. ಏಪ್ರಿಲ್ ಬಂತೆಂದರೆ ಎಲ್ಲರಿಗೂ ತಾರಸಿ ನೆನಪಾಗುತ್ತದೆ, ರೇಟು ಏರುತ್ತದೆ. ಆಚೆ ಊರಿನ ಕೆಲಸದವರು ಯುಗಾದಿಗೆ ಹೋದರೆ ಯಾವಾಗ ಬರುತ್ತಾರೋ ಹೇಳಲಾಗದು. ನಮ್ಮ ಮೇಸ್ತ್ರಿ ಒಂದು ವರ್ಷ ಶಿರಸಿ ಮಾರಿಕಾಂಬಾ ಜಾತ್ರೆಗೆ ಅಂತ ಹೋದವರು ಹದಿನೆಂಟು ದಿನ ಫೋನ್ ಎತ್ತಿರಲಿಲ್ಲ.