ಅಂಬಾಸಿಡರ್ ಕಾರ್ಬುರೇಟರ್‌ನ ಪೆಟ್ರೋಲ್ ಎಲ್ಲಿಗೆ ಹೋಗ್ತಿದೆ? ಬದಲಾಯಿಸೋ ಮುಂಚೆ ಅಳೆದು ನೋಡಿ

ಅಣ್ಣಾ, ನೀವು ಬರೆದಿರೋದು ಇಷ್ಟು: ಪೆಟ್ರೋಲ್ ಅಂಬಾಸಿಡರ್, ಸೋಲೆಕ್ಸ್ ಕಾರ್ಬುರೇಟರ್, ಟ್ಯಾಂಕ್‌ನಿಂದ ಪೆಟ್ರೋಲ್ ಎಳೆಯೋಕೆ ಕೈ ಲಿವರ್ ಇರೋ ಎ.ಸಿ. ಮಾದರಿಯ ಪಂಪ್. ಮಂಡ್ಯದಲ್ಲಿ ಶೀಟ್ ಶೆಡ್ ಒಳಗೆ ವಾರ ಪೂರ್ತಿ ನಿಂತಿರುತ್ತೆ. ಭಾನುವಾರ ಮೈಸೂರಿಗೆ ಹೊರಡೋಣ ಅಂದ್ರೆ ಬ್ಯಾಟರಿ ಇಳಿಯೋವರೆಗೂ ಸೆಲ್ಫ್ ಹೊಡೀಬೇಕು, ಒಮ್ಮೆ ಸ್ಟಾರ್ಟ್ ಆದ್ರೆ ಅವತ್ತೆಲ್ಲ ತೊಂದರೆ ಇಲ್ಲ. ಜೊತೆಗೆ ಮೈಲೇಜ್ ಇಳಿದಿದೆ. ಮೆಕ್ಯಾನಿಕ್ ಹೊಸ ಕಾರ್ಬುರೇಟರ್ ಹಾಕಿಸಿ ಅಂತಿದ್ದಾರೆ.

ಈಗಲೇ ಹಾಕಿಸಬೇಡಿ. ಪೆಟ್ರೋಲ್ ಯಾವ ದಾರಿಯಲ್ಲಿ ಹೋಗ್ತಿದೆ ಅಂತ ಗೊತ್ತಾಗದೆ ಏನು ಬದಲಾಯಿಸಿದ್ರೂ ದುಡ್ಡು ದಂಡ.

ಮೊದಲು ಮೈಲೇಜ್ ವಿಷಯವನ್ನ ಬೇರೆ ಇಡಿ. ಫ್ಲೋಟ್ ಚೇಂಬರ್‌ನಲ್ಲಿ (ಕಾರ್ಬುರೇಟರ್ ಒಳಗಿನ ಪುಟ್ಟ ಪೆಟ್ರೋಲ್ ತೊಟ್ಟಿ) ನಿಲ್ಲೋ ಪೆಟ್ರೋಲ್ 100 ಮಿಲಿ ಕೂಡ ಇರಲ್ಲ. ಅದು ವಾರಕ್ಕೊಮ್ಮೆ ಪೂರ್ತಿ ಆರಿದ್ರೂ ಮೈಲೇಜ್‌ನಲ್ಲಿ ಕಾಣಲ್ಲ. ಲೆಕ್ಕದಲ್ಲಿ ಲೀಟರ್‌ಗಟ್ಟಲೆ ಕಮ್ಮಿ ಬೀಳ್ತಿದ್ರೆ ಫ್ಲೋಟ್ ಲೆವೆಲ್ (ಆ ತೊಟ್ಟಿಯ ಪೆಟ್ರೋಲ್ ಮಟ್ಟ) ಜಾಸ್ತಿ ಇರಬೇಕು, ಚೋಕ್ ಪೂರ್ತಿ ವಾಪಸ್ ಬರ್ತಿಲ್ಲದೆ ಇರಬೇಕು, ಇಲ್ಲಾ ಎಲ್ಲೋ ಸೋರ್ತಿರಬೇಕು.

ಅದಕ್ಕೂ ಮುಂಚೆ ಡಿಪ್ ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ಮೊದಲಿಗಿಂತ ಏರಿದ್ದು ಪೆಟ್ರೋಲ್ ವಾಸನೆ ಬಂದ್ರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಪಂಪ್ ಒಳಗಿನ ಪೊರೆ, ಅಂದ್ರೆ ಡಯಾಫ್ರಂ, ಹರಿದು ಪೆಟ್ರೋಲ್ ಸೀದಾ ಎಂಜಿನ್ ಆಯಿಲ್ ನಿಲ್ಲೋ ಸಂಪ್‌ಗೆ ಇಳಿದಿರಬಹುದು, ಅಥವಾ ಕಾರ್ಬುರೇಟರ್ ಓವರ್‌ಫ್ಲೋ ಆಗಿ ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗೆ ಹೋಗಿರಬಹುದು. ತೆಳುವಾದ ಆಯಿಲ್‌ನಲ್ಲಿ ಓಡಿಸಿದ್ರೆ ಬೇರಿಂಗ್ ಹೋಗುತ್ತೆ. ಪಂಪ್ ಬಾಡಿಯಲ್ಲಿ ಸಣ್ಣ ತೂತು ಇದ್ದರೆ ಅದರ ಸುತ್ತ ಒದ್ದೆ ಅಥವಾ ಕಲೆ ಇದೆಯಾ ಅಂತಲೂ ನೋಡಿ. ಇದ್ರೆ ಡಯಾಫ್ರಂ ಕಿಟ್ ಹಾಕಿಸಲೇಬೇಕು.

ಆಯಿಲ್ ಸರಿ ಇದ್ರೆ, ಮುಂದಿನ ಭಾನುವಾರ ಸೆಲ್ಫ್ ಮುಟ್ಟೋ ಮುಂಚೆ ಈ ಕೆಲಸ ಮಾಡಿ. ಶೆಡ್ ಬಾಗಿಲು ತೆರೆದಿಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪೌಡರ್ ಎಕ್ಸ್‌ಟಿಂಗ್ವಿಷರ್ ಕೈಗೆ ಸಿಗೋ ಹಾಗಿರಲಿ. ಬೆಳಕಿಗೆ ಎಲ್‌ಇಡಿ ಟಾರ್ಚ್ ಮಾತ್ರ.

ಕಾರ್ಬುರೇಟರ್‌ಗೆ ಬರೋ ಪೈಪ್ ಬಿಚ್ಚಿ ಬಾಟಲಿಯೊಳಗೆ ಬಿಡಿ. ಪಂಪ್‌ನ ಕೈ ಲಿವರ್ ಒತ್ತುತ್ತಾ ಎಣಿಸಿ. ಮೂರು ನಾಲ್ಕು ಸಲಕ್ಕೇ ಪೆಟ್ರೋಲ್ ಚಿಮ್ಮಿದ್ರೆ ಲೈನ್ ತುಂಬಿದೆ, ಪಂಪ್ ಹಿಡಿದುಕೊಂಡಿದೆ. ಹದಿನೈದು ಇಪ್ಪತ್ತು ಸಲ ಬೇಕಾದ್ರೆ ಪೆಟ್ರೋಲ್ ಹಿಂದಿರೋ ಟ್ಯಾಂಕ್‌ಗೆ ವಾಪಸ್ ಇಳಿದಿದೆ: ಪಂಪ್ ಒಳಗಿನ ವಾಲ್ವ್ ಸರಿ ಕೂರ್ತಿಲ್ಲ, ಇಲ್ಲವೇ ಟ್ಯಾಂಕ್‌ನಿಂದ ಪಂಪ್‌ವರೆಗಿನ ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ಎಳೀತಿದೆ. ಈ ಕಡೆ ಬಿರುಕಿದ್ರೆ ಹೊರಗೆ ಪೆಟ್ರೋಲ್ ತೊಟ್ಟಿಕ್ಕದೇ ಇರಬಹುದು, ಅದಕ್ಕೇ ಕಣ್ಣು ತಪ್ಪಿಹೋಗುತ್ತೆ. ಮೊದಲ ಸಲವೇ ಲಿವರ್ ಬಿಗಿಯಿಲ್ಲದೆ ಅಲ್ಲಾಡಿದ್ರೆ ಪಂಪ್ ಕೆಟ್ಟಿದೆ ಅನ್ಕೋಬೇಡಿ. ಎಂಜಿನ್ ಒಳಗೆ ಪಂಪ್ ಓಡಿಸೋ ಕ್ಯಾಮ್‌ನ ಉಬ್ಬು ಪಂಪ್ ತೋಳನ್ನ ಒತ್ತಿ ಹಿಡಿದಿರಬಹುದು. ಎಂಜಿನ್ನನ್ನ ಕೈಯಿಂದ ಒಂದು ಸುತ್ತು ತಿರುಗಿಸಿ, ಕ್ಯಾಮ್ ಅರ್ಧ ಸುತ್ತು ಸರಿದು ಲಿವರ್ ಬಿಗಿ ಬರುತ್ತೆ.

ಈಗ ಕಾರ್ಬುರೇಟರ್ ಮೇಲಿನ ಕವರ್ ತೆಗೀರಿ. ಗ್ಯಾಸ್ಕೆಟ್ ಹರಿಯೋ ಸಾಧ್ಯತೆ ಇದೆ, ಒಂದು ಹೊಸದು ಇಟ್ಟುಕೊಂಡಿರಿ. ಫ್ಲೋಟ್ ಅಲ್ಲಾಡಿಸದೆ, ಬಾಡಿ ಅಂಚಿನಿಂದ ಪೆಟ್ರೋಲ್ ಎಷ್ಟು ಮಿಲಿಮೀಟರ್ ಕೆಳಗಿದೆ ಅಂತ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಳ್ಳಿ. ಕವರ್, ಪೈಪ್ ವಾಪಸ್ ಹಾಕಿ, ಕೈ ಲಿವರ್ ಸಡಿಲ ಆಗೋವರೆಗೂ ಒತ್ತಿ. ಸಡಿಲ ಆಯ್ತು ಅಂದ್ರೆ ಚೇಂಬರ್ ತುಂಬಿ, ಪೆಟ್ರೋಲ್ ಒಳಬರೋ ದಾರಿಯಲ್ಲಿರೋ ನೀಡಲ್ ವಾಲ್ವ್ ಮುಚ್ಚಿದೆ ಅಂತ. ಮತ್ತೆ ತೆಗೆದು ಅಳೆಯಿರಿ. ಎರಡರ ವ್ಯತ್ಯಾಸವೇ ವಾರದಲ್ಲಿ ಹೋದ ಪೆಟ್ರೋಲ್.

ಚೇಂಬರ್ ಖಾಲಿ ಆಗಿದ್ದಕ್ಕೆ ಪಂಪ್ ಮೇಲೆ ತಪ್ಪು ಹೊರಿಸೋರು ಬಹಳ ಜನ. ಸೋಲೆಕ್ಸ್‌ನಲ್ಲಿ ನೀಡಲ್ ವಾಲ್ವ್ ಮೇಲಿನ ಕವರ್‌ನಲ್ಲಿದೆ, ಪೆಟ್ರೋಲ್ ಮಟ್ಟಕ್ಕಿಂತ ಎತ್ತರದಲ್ಲಿ. ಪಂಪ್ ಎಷ್ಟೇ ಕೆಟ್ಟಿದ್ರೂ ಚೇಂಬರ್‌ನಲ್ಲಿರೋದನ್ನ ಆ ದಾರಿಯಲ್ಲಿ ವಾಪಸ್ ಎಳೆಯೋಕೆ ಆಗಲ್ಲ. ಖಾಲಿ ಆಗಿದ್ರೆ ಒಂದೋ ಆವಿಯಾಗಿದೆ, ಇಲ್ಲಾ ಕೆಳಗೆ ಸೋರಿದೆ.

ಇವೆರಡನ್ನ ಬೇರ್ಪಡಿಸೋದು ಸುಲಭ. ತಣ್ಣಗಿರೋ ಎಂಜಿನ್‌ನಲ್ಲಿ ಚೇಂಬರ್ ತುಂಬಿಸಿ, ಪೈಪ್ ಬಿಚ್ಚಿ ಎರಡೂ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆಗೆ ಒಂದೆರಡು ಮಿಲಿಮೀಟರ್ ಇಳಿದಿದ್ರೆ ಚಿಂತೆ ಇಲ್ಲ. ತಳ ಕಂಡ್ರೆ ಸೋರಿಕೆ ಖಂಡಿತ: ಮೇನ್ ಜೆಟ್ ಹೋಲ್ಡರ್‌ನ ಫೈಬರ್ ವಾಷರ್, ಆಕ್ಸಿಲರೇಟರ್ ಪಂಪ್ ಡಯಾಫ್ರಂ, ಬಾಡಿಯ ಪ್ಲಗ್‌ಗಳು, ಈ ಕ್ರಮದಲ್ಲಿ ನೋಡಿ.

ರಾತ್ರಿಯ ಪರೀಕ್ಷೆ ಪಾಸಾದ್ರೆ ಬಿಸಿ ಪರೀಕ್ಷೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬಂದು ಗಾಡಿ ನಿಲ್ಲಿಸಿದ ಮೇಲೆ ಏರ್ ಕ್ಲೀನರ್ ತೆಗೆದು, ಹತ್ತು ನಿಮಿಷ ಬಿಟ್ಟು ಕಾರ್ಬುರೇಟರ್ ಗಂಟಲೊಳಗೆ ಟಾರ್ಚ್ ಬಿಡಿ. ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಬಿಸಿ ಹೊಗೆ ಹೊರಹೋಗೋ ಪೈಪ್) ಒಂದೇ ಪಕ್ಕದಲ್ಲಿವೆ, ನಿಂತ ಮೇಲೆ ಫ್ಯಾನ್ ಗಾಳಿಯೂ ಇಲ್ಲದೆ ಆ ಶಾಖವೆಲ್ಲ ಮೇಲೇರುತ್ತೆ. ಪೆಟ್ರೋಲ್‌ನ ಹಗುರ ಅಂಶ 40 ಡಿಗ್ರಿಯೊಳಗೇ ಕುದಿಯೋಕೆ ಶುರು. ಗಂಟಲೊಳಗೆ ಪೆಟ್ರೋಲ್ ಬಿಡೋ ನಾಜಲ್‌ನಿಂದ ತೊಟ್ಟಿಕ್ಕುತ್ತಿದ್ರೆ, ಗಾಡಿ ಪೂರ್ತಿ ತಣ್ಣಗಾದ ಮೇಲೆ ಲಿವರ್ ಒತ್ತಿ ಚೇಂಬರ್ ತುಂಬಿಸಿ ಮತ್ತೆ ನೋಡಿ. ಆಗಲೂ ತೊಟ್ಟಿಕ್ಕಿದ್ರೆ ನೀಡಲ್ ವಾಲ್ವ್ ಅಥವಾ ಫ್ಲೋಟ್. ಬಿಸಿಯಲ್ಲಿ ಮಾತ್ರ ಬಂದ್ರೆ ಶಾಖ: ಕಾರ್ಬುರೇಟರ್‌ಗೂ ಮ್ಯಾನಿಫೋಲ್ಡ್‌ಗೂ ಮಧ್ಯದ ಇನ್ಸುಲೇಟರ್ (ಶಾಖ ತಡೆಯೋ ತುಂಡು) ಇದೆಯಾ, ಹೀಟ್ ಶೀಲ್ಡ್ ಯಾರಾದ್ರೂ ಬಿಚ್ಚಿ ಎಸೆದಿದ್ದಾರಾ ನೋಡಿ. ನಿಲ್ಲಿಸಿದ ಮೇಲೆ ಅರ್ಧ ಗಂಟೆ ಬಾನೆಟ್ ಎತ್ತಿಡೋದೂ ಬಹಳ ಉಪಯೋಗ.

ನೀಡಲ್ ವಾಲ್ವ್ ನೋಡೋಕೆ ಕವರನ್ನ ತಲೆಕೆಳಗೆ ಹಿಡಿದು, ಪೈಪ್ ಬಾಯಿಗೆ ಮೆಡಿಕಲ್ ಸ್ಟೋರ್‌ನ ಸಿರಿಂಜ್ ಕೂರಿಸಿ ಎಳೆಯಿರಿ. ಹತ್ತು ಸೆಕೆಂಡ್ ಬಿಗಿ ನಿಲ್ಲಬೇಕು. ನೀಡಲ್ ವಾಲ್ವ್ ಕೆಳಗಿನ ವಾಷರ್ ಕಳೀಬೇಡಿ, ಅದರ ದಪ್ಪವೇ ಲೆವೆಲ್ ತೀರ್ಮಾನಿಸೋದು: ದಪ್ಪ ವಾಷರ್ ಹಾಕಿದ್ರೆ ಲೆವೆಲ್ ಇಳಿಯುತ್ತೆ, ತೆಳುವಾದದ್ದು ಹಾಕಿದ್ರೆ ಏರುತ್ತೆ. ಹಿತ್ತಾಳೆ ಫ್ಲೋಟನ್ನ ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದ್ರೆ ತೂತಾಗಿದೆ. ಅದಕ್ಕೆ ಬೆಸುಗೆ ಹಾಕಿಸೋದು ಬೇಡ. ಒಳಗೆ ಪೆಟ್ರೋಲ್ ಉಳಿದಿದ್ರೆ ಬೆಂಕಿ, ಬೆಸುಗೆಯ ತೂಕಕ್ಕೆ ಲೆವೆಲ್ಲೂ ಕೆಡುತ್ತೆ.

ಬಂಕ್‌ಗಳಲ್ಲಿ ಈಗ ಬರ್ತಿರೋದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್), ಹಳೇ ರಬ್ಬರ್‌ಗೆ ಎಥನಾಲ್ ಆಗಲ್ಲ. ಹೇಗಿದ್ರೂ ಬಿಚ್ಚಿದಾಗ ಪೈಪ್‌ಗಳನ್ನ ಎಸ್‌ಎಇ ಜೆ30 ಆರ್9 ಗುರುತಿನದ್ದಕ್ಕೆ (ಇಂಧನ ಪೈಪ್‌ನ ಒಂದು ಮಾನದಂಡ) ಬದಲಿಸಿ. ಮೈಸೂರಲ್ಲಿ ಸಿಗದಿದ್ರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಒಳ ಅಳತೆ ನೋಡಿಕೊಂಡೇ ತನ್ನಿ.

ಎಲ್ಲಾ ಪಾಸಾಗಿ ವಾರದಲ್ಲಿ ಆರೋದು ಮಾತ್ರ ಉಳಿದ್ರೆ ಅದು ರಿಪೇರಿ ಬೇಕಾದ ದೋಷವೇ ಅಲ್ಲ. ಹೊರಡೋ ಮುಂಚೆ ಲಿವರ್ ಸಡಿಲ ಆಗೋವರೆಗೂ ಒತ್ತಿ, ಚೋಕ್ ಎಳೆದು ಸೆಲ್ಫ್ ಹೊಡೀರಿ. ಗಂಟಲಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡೋ ಅಭ್ಯಾಸ ಬೇಡ, ಒಂದು ಬ್ಯಾಕ್‌ಫೈರ್ (ಬೆಂಕಿ ಕಾರ್ಬುರೇಟರ್ ಕಡೆ ವಾಪಸ್ ಚಿಮ್ಮೋದು) ಆದ್ರೆ ಗಾಡಿ ಸುಟ್ಟುಹೋಗಬಹುದು. ಎಲೆಕ್ಟ್ರಿಕ್ ಪಂಪ್ ಹಾಕಿಸೋದಾದ್ರೆ 2ರಿಂದ 3 ಪಿಎಸ್‌ಐ ಒತ್ತಡ ಇರೋ ಕಾರ್ಬುರೇಟರ್ ಪಂಪೇ ಆಗಬೇಕು, ಆಕ್ಸಿಡೆಂಟ್ ಆದ್ರೆ ಕರೆಂಟ್ ಕಡಿಯೋ ಸ್ವಿಚ್ ಜೊತೆಗೆ. ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದ್ರೆ ಆ ಒತ್ತಡವನ್ನ ಈ ನೀಡಲ್ ವಾಲ್ವ್ ತಡೆಯಲ್ಲ.

ಲಿವರ್ ಎಷ್ಟು ಸಲ ಒತ್ತಿದ್ರಿ, ಭಾನುವಾರದ ಎರಡು ಅಳತೆ, ರಾತ್ರಿ ಬಿಟ್ಟಾಗಿನ ಅಳತೆ, ಇಷ್ಟನ್ನ ಇಲ್ಲೇ ಬರೆದು ಹಾಕಿ. ಯಾವ ಭಾಗ ತರಬೇಕು ಅಂತ ಆಮೇಲೆ ನೋಡೋಣ.