ಮದುವೆಗೆ ಎರಡು ತಿಂಗಳಿದೆ, ವಯಸ್ಸು 23. ಕೂದಲು ಕಸಿಗೆ ಎಫ್‌ಯುಇ ಒಳ್ಳೆಯದಾ, ಎಫ್‌ಯುಟಿಯಾ?

ಎರಡೂ ಬೇಡ. ಈಗಂತೂ ಬೇಡವೇ ಬೇಡ.

ನಾನು ವಿಜಯಪುರದವನು. 24 ತುಂಬುವಷ್ಟರಲ್ಲಿ ಹಣೆ ಎರಡೂ ಕಡೆ ಮೇಲೇರಿತ್ತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಅಜ್ಜಿ "ತಮ್ಮಾ, ನಿನಗ ವಯಸ್ಸೆಷ್ಟು?" ಅಂತ ಎರಡೆರಡು ಸಲ ಕೇಳಿದರು. ಮರುವಾರವೇ ಕಸಿ ಮಾಡಿಸಿಕೊಳ್ಳಲು ಪುಣೆ ಬಸ್ ಹತ್ತಿದೆ.

ಹಿಂದಲೆಯ ಕೂದಲನ್ನು ಬೇರುಸಮೇತ ಕೊರೆದು ತೆಗೆದರು. ಕೊರೆಯುವ ಕೊಳವೆಯ ಬಾಯಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಹೀಗೆ ತೆಗೆದ ಒಂದೊಂದು ಸಣ್ಣ ಗೊಂಚಲಿಗೆ ಗ್ರಾಫ್ಟ್ ಅನ್ನುತ್ತಾರೆ, ಅದರಲ್ಲಿ ಒಂದರಿಂದ ನಾಲ್ಕು ಕೂದಲು. ಮುಂದೆ ಸಣ್ಣ ಸಣ್ಣ ಸೀಳು ಮಾಡಿ ನೆಟ್ಟರು. ಪೂರ್ತಿ ಎಚ್ಚರವಿದ್ದೆ. ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಜೀವ ತೆಗೆಯಿತು. ಇದು ಎಫ್‌ಯುಇ. ಎಫ್‌ಯುಟಿಯಲ್ಲಿ ಚರ್ಮವನ್ನೇ ಪಟ್ಟಿಯಾಗಿ ತೆಗೆದು ಹೊಲಿಯುತ್ತಾರೆ, ಗೆರೆಯಂಥ ಕಲೆ ಉಳಿಯುತ್ತದೆ.

ನಾನು ಕೆಟ್ಟಿದ್ದು ಇದರಿಂದಲ್ಲ. ಊರಿನ ಚರ್ಮದ ಡಾಕ್ಟರು ಮೊದಲೇ ಹೇಳಿದ್ದರು: "ಇನ್ನೂ ಉದುರುತ್ತಿದೆ. ಉದುರುವುದನ್ನು ತಗ್ಗಿಸುವ ಫಿನಾಸ್ಟರೈಡ್ ಮಾತ್ರೆ ಶುರು ಮಾಡೋಣ, ಒಂದು ವರ್ಷ ನೋಡೋಣ." ಜೀವನಪೂರ್ತಿ ಯಾರು ಮಾತ್ರೆ ನುಂಗ್ತಾರೆ ಅಂತ ಚೀಟಿ ಹರಿದು ಹಾಕಿದೆ. ಹಿಂದಲೆಯ ಕೂದಲು ತಲೆ ಬೋಳು ಮಾಡುವ ಡಿಎಚ್‌ಟಿ ಹಾರ್ಮೋನಿಗೆ ಅಷ್ಟಾಗಿ ಬಗ್ಗುವುದಿಲ್ಲ. ಕಿತ್ತು ಹಣೆಗೆ ನೆಟ್ಟರೂ ಆ ಗುಣ ಬಿಡುವುದಿಲ್ಲ. ಸರಿ, ಆದರೆ ಅದರ ಹಿಂದೆ ಮೊದಲಿಂದ ಇದ್ದ ಕೂದಲು? ಅದಕ್ಕೆ ಆ ಗುಣ ಇಲ್ಲ, ಅದು ಉದುರುತ್ತಲೇ ಹೋಯಿತು. 28ಕ್ಕೆ ಹಣೆ ಮೇಲೆ ದಟ್ಟ ಪಟ್ಟಿ, ಅದರ ಹಿಂದೆ ಬಯಲು. ಸುಮ್ನೆ ಬೋಳಾಗಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ! ಅದರ ಮೇಲೆ, ಕಾಲೇಜು ಹುಡುಗನ ಹಾಗೆ ಹಣೆ ಕೆಳಗಿರಲಿ ಅಂತ ಹಟ ಹಿಡಿದು ಮುಂದೆಯೇ ಜಾಸ್ತಿ ಗ್ರಾಫ್ಟ್ ಸುರಿಸಿದ್ದೆ. ಹಿಂದಲೆಯಿಂದ ತೆಗೆದದ್ದು ಅಲ್ಲಿ ಮತ್ತೆ ಹುಟ್ಟುವುದಿಲ್ಲ. 31ಕ್ಕೆ ಇನ್ನೊಂದು ಸಲ ಕೂತಾಗ ಉಳಿದದ್ದರಲ್ಲಿ ನಡುಭಾಗ ಮುಚ್ಚಿತು, ನೆತ್ತಿಗೆ ಸಾಲಲಿಲ್ಲ. ನನ್ನ ನೆತ್ತಿ ಇವತ್ತಿಗೂ ಖಾಲಿ.

ಇನ್ನು ನಿಮ್ಮ ಎರಡು ತಿಂಗಳ ಲೆಕ್ಕ. ನೆಟ್ಟ ಕೂದಲು ಮೊದಲ ತಿಂಗಳಲ್ಲೇ ಬಹುಪಾಲು ಉದುರುತ್ತದೆ. ಬೇರು ಒಳಗೇ ಇರುತ್ತದೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ಮೊಳೆಯುತ್ತದೆ. ತುಂಬಿ ಕಾಣಲು ಒಂದು ವರ್ಷ ಬೇಕು. ಅಂದರೆ ಅಕ್ಷತೆ ಬೀಳುವ ಹೊತ್ತಿಗೆ ನಿಮ್ಮ ತಲೆ ಈಗಿನದಕ್ಕಿಂತ ಕಡೆಯಾಗಿರುತ್ತದೆ. ಹುಡುಗಿ ಒಪ್ಪಿದ್ದು ಈಗಿರುವ ತಲೆ ನೋಡಿಯೇ ಅಲ್ವಾ?

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದುಂಟು. ಮದುವೆ ಹತ್ತಿರವಿದೆ, ನಾಚಿಕೆ ಬಿಟ್ಟು ಅದನ್ನೂ ಕೇಳಿಕೊಳ್ಳಿ. ಆರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕಲ್ಲಿ ತಲೆಯ ಫೋಟೊ ತೆಗೆದಿಡಿ. ಉದುರುವುದು ನಿಂತಿದೆ ಅಂತ ಫೋಟೊದಲ್ಲೇ ಕಂಡ ಮೇಲೆ ಪುಣೆಗಾದರೂ ಹೋಗಿ, ಬೆಂಗಳೂರಿಗಾದರೂ ಹೋಗಿ.